ಕೆಂಪುಕಲ್ಲಿನ ಗೋಡೆಗೆ ಎರಡು ಎಲ್ ಪಟ್ಟಿ ಸಾಲದು

ಬದಿಯಡ್ಕದ ಅಣ್ಣ, ನೀವು ಹಾಕಿದ ಫೋಟೋ ನೋಡಿದೆ. ಸಿಟೌಟಿನ ಬಾಗಿಲ ಪಕ್ಕ ಒಂದಡಿ ಅಗಲದ ಹಲಸಿನ ಹಲಗೆ, ಅಡಿಯಲ್ಲಿ ಎರಡು ಸಣ್ಣ ಎಲ್ ಪಟ್ಟಿ. ಯಾವ ಪಾಲಿಶ್ ಹೊಡೆಯಲಿ ಅಂತ ಕೇಳಿದ್ದೀರಿ. ಪಾಲಿಶ್ ಆಮೇಲೆ ನೋಡುವ. ಮೊದಲು ಅದರ ಮೇಲಿಟ್ಟ ಎರಡು ಹೆಲ್ಮೆಟ್ ಕೆಳಗಿಳಿಸಿ ಮಾರಾಯ್ರೆ. ಇದೇ ಕೆಲಸ ನಾನೂ ಮಾಡಿದ್ದೆ.

ನಮ್ಮದೂ ಕೆಂಪುಕಲ್ಲಿನ ಗೋಡೆ. ತೂತಿಗೆ ತುರುಕುವ 8 ಎಂಎಂ ಪ್ಲಾಸ್ಟಿಕ್ ಪ್ಲಗ್, ಅದಕ್ಕೆ ಒಂದೂವರೆ ಇಂಚಿನ ಸ್ಕ್ರೂ. ಬೇಸಿಗೆಯಿಡೀ ಅಲ್ಲಾಡಲಿಲ್ಲ. ಆಟಿ ತಿಂಗಳ ಮಳೆಯಲ್ಲಿ ಒಂದು ರಾತ್ರಿ ಎಲ್ಲ ಒಟ್ಟಿಗೆ ಬಿತ್ತು. ಎದ್ದು ಬಂದು ನೋಡಿದರೆ ಪ್ಲಗ್ ಸ್ಕ್ರೂ ಸಮೇತ ಹೊರಗೆ ಬಂದಿದೆ, ತೂತಿನಿಂದ ಒದ್ದೆ ಕೆಂಪು ಹುಡಿ ಉದುರುತ್ತಾ ಇದೆ. ಮಗಳು ಬೆಳಿಗ್ಗೆ ಕೂತು ಶೂ ಹಾಕುವ ಜಾಗ ಅದು. ನೆನೆಸಿದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಒಂದೂವರೆ ಇಂಚಿನಲ್ಲಿ ಅರ್ಧ ಇಂಚಿಗಿಂತ ಜಾಸ್ತಿ ಗೋಡೆಯ ಸಾರಣೆಯಲ್ಲೇ (ಪ್ಲಾಸ್ಟರಿನಲ್ಲೇ) ಹೋಗುತ್ತದೆ. ಕಲ್ಲಿಗೆ ಸಿಗುವುದು ಮುಕ್ಕಾಲು ಇಂಚು. ಕೆಂಪುಕಲ್ಲಿನ ಒಳಗೆಲ್ಲ ಸಣ್ಣ ಸಣ್ಣ ಪೊಳ್ಳು, ಪ್ಲಗ್ ಅರಳಿದರೂ ಹಿಡಿತ ಎಲ್ಲಿಂದ? ಇನ್ನು ಎಲ್ ಪಟ್ಟಿ ಗೋಡೆಗೆ ತಾಗುವುದು ಮೂರೇ ಇಂಚು. ಗೋಡೆಯಿಂದ ಆರು ಇಂಚು ಮುಂದೆ 10 ಕೆಜಿ ಇಟ್ಟರೆ, ಮೇಲಿನ ಸ್ಕ್ರೂಗಳನ್ನು ಹೊರಗೆ ಎಳೆಯುವ ಬಲ ಹತ್ತಿರ ಹತ್ತಿರ 20 ಕೆಜಿ. ಹಿಂದೆ ಒಂದಡಿ ಎತ್ತರದ ಹಲಗೆ ಕೊಡಿ, ಅದೇ ಭಾರಕ್ಕೆ ಎಳೆತ 5 ಕೆಜಿಗೆ ಇಳಿಯುತ್ತದೆ.

ನಾನು ಆಮೇಲೆ ಮಾಡಿದ್ದು ಫ್ರೆಂಚ್ ಕ್ಲೀಟ್, ಅಂದರೆ ಓರೆ ಸೀಳಿದ ಎರಡು ಪಟ್ಟಿ ಒಂದಕ್ಕೊಂದು ಸಿಕ್ಕಿಕೊಳ್ಳುವ ಜೋಡಣೆ. ಈಗ ಮನೆಯಲ್ಲಿ ಗೋಡೆಗೆ ತೂಗುವುದೆಲ್ಲ ಅದರಲ್ಲೇ. 20 ಎಂಎಂ ದಪ್ಪ, 4 ಇಂಚು ಅಗಲದ ಪಟ್ಟಿಯನ್ನು ಉದ್ದಕ್ಕೆ 45 ಡಿಗ್ರಿ ಓರೆಯಾಗಿ ಸೀಳಿಸಿ. ಕೈಗರಗಸದಲ್ಲಿ ಹೋಗಬೇಡಿ, ಓರೆ ಒಂದೇ ಸಮ ಬರುವುದಿಲ್ಲ. ಮರದ ಮಿಲ್ಲಿನಲ್ಲೇ ಮಾಡಿಸಿ. ಒಂದು ಸೀಳು ಗೋಡೆಗೆ, ಅದರ ಮೇಲಂಚು ಗೋಡೆಯ ಕಡೆಗೆ ಇಳಿದಿರಬೇಕು. ಇನ್ನೊಂದು ತಲೆಕೆಳಗಾಗಿ ಶೆಲ್ಫಿನ ಬೆನ್ನಿಗೆ, ಫೆವಿಕಾಲ್ ಮರೀನ್ ಹಚ್ಚಿ ಸ್ಕ್ರೂ. ಎತ್ತಿ ಕೂರಿಸಿದರೆ ಭಾರ ಬಿದ್ದಷ್ಟೂ ಗೋಡೆಗೆ ಒತ್ತಿ ಕೂರುತ್ತದೆ. ಕೆಳಗೂ ಅದೇ 20 ಎಂಎಂ ತುಂಡು ಕೊಡಿ, ಇಲ್ಲದಿದ್ದರೆ ಶೆಲ್ಫ್ ಮೂಗು ಬಗ್ಗಿಸುತ್ತದೆ. ಇದರಿಂದ ಹಿಂದೆ ಒಂದು ಸಂದು ಉಳಿಯುತ್ತದೆ. ನಮ್ಮ ಮಳೆಗೆ ಅದು ಬೇಕೇ ಬೇಕು. ಗೋಡೆಯ ಪಸೆ ಮರಕ್ಕೆ ತಾಗುವುದಿಲ್ಲ, ಗೆದ್ದಲು ಮಣ್ಣಿನ ಗೆರೆ ಎಳೆದರೆ ಟಾರ್ಚ್ ಬಿಟ್ಟು ನೋಡಬಹುದು. ಮೇ ತಿಂಗಳಲ್ಲಿ ಶೆಲ್ಫ್ ಎತ್ತಿ ತೆಗೆದು ಹಿಂದೆ ಗುಡಿಸಿ ಮತ್ತೆ ಸಿಕ್ಕಿಸಿದರೆ ಆಯ್ತು.

ಗೋಡೆಯ ಪಟ್ಟಿಗೆ 10 ಎಂಎಂ ದಪ್ಪ, 100 ಎಂಎಂ ಉದ್ದದ ಪ್ಲಗ್, ಕಡಿಮೆ ಅಂದರೆ ನಾಲ್ಕು. ನಾನು ಹಾಕುವುದು ಫಿಷರ್ ಕಂಪೆನಿಯದ್ದು. ದುಡ್ಡು ಜಾಸ್ತಿ, ಆದರೆ ಅಂಗಡಿಯಲ್ಲಿ ಪೊಟ್ಟಣ ಕಟ್ಟಿ ಕೊಡುವ ಬಿಳಿ ಪ್ಲಗ್ ಇದಕ್ಕೆ ಬೇಡವೇ ಬೇಡ. ಡ್ರಿಲ್ಲನ್ನು ಹ್ಯಾಮರಿನಲ್ಲಿ ಇಡಬೇಡಿ, ಸುಮ್ನೆ ತಿರುಗಿಸಿ ಕೊರೆಯಿರಿ. ಹ್ಯಾಮರ್ ಹಾಕಿದರೆ 10ರ ತೂತು 12 ಆಗುತ್ತದೆ. ಹಳೆಯ ಮನೆಯಾದರೆ ಕಲ್ಲಿನ ಸಂದಿನಲ್ಲಿ ಮಣ್ಣೇ ಇರುತ್ತದೆ. ಡ್ರಿಲ್ ಬಿಟ್ಟಿಗೆ ಮೆತ್ತಗೆ ತಾಗಿದರೆ ಜಾಗ ಬದಲಿಸಿ. ಆಗಲೂ ಪ್ಲಗ್ ತಿರುಗಿದರೆ ಕೆಮಿಕಲ್ ಆಂಕರ್ (ತೂತಿಗೆ ತುಂಬಿದರೆ ಗಟ್ಟಿಯಾಗುವ ಅಂಟು), ಬಲೆಯ ಸ್ಲೀವ್ ಸಹಿತ. ನಿಮ್ಮ ಫೋಟೋದಲ್ಲಿ ಸ್ವಿಚ್ ಬೋರ್ಡು ನೇರ ಕೆಳಗೇ ಇದೆ. ಅದರ ಮೇಲಿನ ಗೆರೆಯಲ್ಲಿ ಕೊರೆಯಲೇಬೇಡಿ, ವಯರಿನ ಪೈಪು ಹಾಗೇ ಮೇಲೆ ಹೋಗಿರುತ್ತದೆ.

ಅಗಲ 7 ಇಂಚು ಸಾಕಲ್ವಾ? ಕೀಲಿಕೈ, ಟಾರ್ಚ್, ಕಾಗದಪತ್ರ ಅಷ್ಟೇ. ಹೆಲ್ಮೆಟ್ಟಿಗೆ, ಕೊಡೆಗೆ ಕೆಳಗೆ ಗೂಟ ಮಾಡಿ, ತುದಿ ಸ್ವಲ್ಪ ಮೇಲಕ್ಕೆ ಓರೆ. ಒದ್ದೆ ಕೊಡೆಯನ್ನು ಹಲಗೆಯ ಮೇಲೆ ಇಡಬಾರದು.

ಇನ್ನೊಂದು. ನಿಮ್ಮ ಹಲಗೆಯ ಮುಂದಿನ ಅಂಚು ಬಿಳಿ ಕಾಣುತ್ತದೆ. ಅದು ಚೇಗಲ್ಲ (ಒಳಗಿನ ಗಟ್ಟಿ ಮರ ಅಲ್ಲ). ಸೀಳಿ ತೆಗೆಯಿರಿ, ಕುಟ್ಟೆ ಹುಳ ಹಿಡಿಯುವುದು ಅಲ್ಲಿಂದಲೇ. ಹೇಗೂ ಅಗಲ ಕಡಿಮೆ ಮಾಡಬೇಕು. ಪ್ಲೈವುಡ್ ಹಾಕುವವರು ಐಎಸ್ 710 ಮುದ್ರೆ (ಮರೀನ್ ಪ್ಲೈ) ನೋಡಿ ತಗೊಳ್ಳಿ. ಪಾರ್ಟಿಕಲ್ ಬೋರ್ಡ್ ಸಿಟೌಟಿಗೆ ತರಲೇಬೇಡಿ, ಇರಚಲು ಬಡಿದರೆ ಉಬ್ಬಿ ಹೋಗುತ್ತದೆ. ಗೋಡೆಯ ಪಟ್ಟಿಗೆ ನಾನು ಗೇರು ಎಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಬಳಿದಿದ್ದೇನೆ, ಹಿಂದಿನವರು ಮಾಡಿನ ಪಕ್ಕಾಸಿಗೆ ಬಳಿಯುತ್ತಿದ್ದ ಹಾಗೆ. ಕೈಗೆ ತಾಗಿದರೆ ಬೊಬ್ಬೆ ಏಳುತ್ತದೆ. ಗ್ಲೌಸ್ ಬೇಕು, ಪೂರ್ತಿ ಒಣಗದೆ ಯಾರೂ ಮುಟ್ಟಬಾರದು. ಕಪ್ಪಾಗುತ್ತದೆ, ಹಾಗಾಗಿ ಕಾಣುವ ಕಡೆಗೆ ಬೇಡ.

ಪಾಲಿಶ್ ಕೇಳಿದಿರಲ್ಲ, ಹೊರಾಂಗಣದ ಪಿಯು (ಪಾಲಿಯುರಿಥೇನ್) ಪಾಲಿಶ್ ಹೊಡೆಯಿರಿ. ಬೆನ್ನು, ಅಡಿ, ಕೊಯ್ದ ತುದಿ ಎಲ್ಲದಕ್ಕೂ. ಹಲಸು ಈಗ ಹಳದಿ ಇದೆ, ಬೆಳಕಿಗೆ ಕಂದು ತಿರುಗುತ್ತದೆ. ಮೊದಲಿನ ಕೆಲವು ತಿಂಗಳು ಮೇಲಿಟ್ಟ ಸಾಮಾನನ್ನು ಆಗಾಗ ಸರಿಸುತ್ತಾ ಇರಿ, ಇಲ್ಲದಿದ್ದರೆ ಅದರಡಿಯಲ್ಲಿ ಹಳದಿ ಮಚ್ಚೆ ಉಳಿಯುತ್ತದೆ.