ಹಾರ್ಡ್‌ವೇರ್ ಅಂಗಡಿಗೆ ಯಾವ ಸಾಫ್ಟ್‌ವೇರ್ ಒಳ್ಳೇದು? ವ್ಯಾಪಾರ ಇದೆ, ದುಡ್ಡು ಮಾತ್ರ ನಿಲ್ತಿಲ್ಲ. ಸಿಸಿ ಲಿಮಿಟ್ (ಬ್ಯಾಂಕಿನ ಕ್ಯಾಶ್ ಕ್ರೆಡಿಟ್ ಸಾಲದ ಮಿತಿ) ಜಾಸ್ತಿ ಮಾಡಿಸಲಾ? ಅಂತ ನೀವು ಕೇಳಿದ್ದೀರಿ.

2019ರಲ್ಲಿ ನಮ್ಮ ಆಡಿಟರ್ ಎದುರು ಕೂತು ನಾನೂ ಹೆಚ್ಚುಕಮ್ಮಿ ಇದೇ ಮಾತು ಆಡಿದ್ದೆ. ದಾವಣಗೆರೆಯಲ್ಲಿ ನಮ್ಮದು ಪೈಪು, ವೈರು, ಸ್ವಿಚ್ಚಿನ ಅಂಗಡಿ, ಅಪ್ಪ ಇಟ್ಟಿದ್ದು. 2017ರ ಜುಲೈಯಲ್ಲಿ ಜಿಎಸ್‌ಟಿ ಬಂತು. ಅಪ್ಪನ ಕೆಂಪು ಖಾತೆ ಪುಸ್ತಕ ಅಟ್ಟ ಸೇರಿತು, ನಾನು ಟ್ಯಾಲಿ ಅನ್ನೋ ಲೆಕ್ಕದ ಸಾಫ್ಟ್‌ವೇರ್ ಹಾಕಿಸಿದೆ. ಪ್ರಿಂಟರಿನಿಂದ ಬಿಲ್ ಸರಸರ ಬರೋದು ನೋಡಿ ದೊಡ್ಡ ವ್ಯಾಪಾರಸ್ಥ ಆಗಿಬಿಟ್ಟೆ ಅನ್ನೋ ಜಂಬ.

ನನ್ನನ್ನು ಮುಳುಗಿಸಿದ್ದು ಒಂದೇ ಒಂದು ಗುಂಡಿ ಒತ್ತಿದ್ದು. ಅದರಲ್ಲಿ ಗಿರಾಕಿಯ ಲೆಡ್ಜರ್ (ಲೆಕ್ಕದ ಖಾತೆ) ತೆರೆಯುವಾಗ 'ಮೇಂಟೇನ್ ಬ್ಯಾಲೆನ್ಸಸ್ ಬಿಲ್-ಬೈ-ಬಿಲ್' ಅಂತ ಒಂದು ಸಾಲು ಬರುತ್ತೆ. ನಾನು 'ನೋ' ಕೊಟ್ಟೆ. 'ಯೆಸ್' ಕೊಟ್ಟರೆ ದುಡ್ಡು ಬಂದಾಗಲೆಲ್ಲ ಅದು ಯಾವ ಬಿಲ್ಲಿನದು ಅಂತ ಆರಿಸಬೇಕು. ಸಂಜೆ ಹೊತ್ತು ಕೌಂಟರಿನಲ್ಲಿ ಹತ್ತು ಜನ ನಿಂತಿರ್ತಾರೆ, ಯಾರಿಗಿದೆ ಪುರುಸೊತ್ತು?

ಇದರಿಂದ ಏನಾಯ್ತು ನೋಡಿ. ಕಂಟ್ರಾಕ್ಟರ್ ಒಬ್ಬರು 80,000ದ ಮಾಲು ಒಯ್ಯೋರು, 50,000 ಕೊಡೋರು. ಮತ್ತೆ 60,000ದ ಮಾಲು, ಮತ್ತೆ 40,000 ದುಡ್ಡು. ಲೆಡ್ಜರಿನಲ್ಲಿ ಕಾಣೋದು ಒಟ್ಟು ಬಾಕಿ ಮಾತ್ರ. ಅದರಲ್ಲಿ ಹೋದ ವಾರದ್ದೆಷ್ಟು, ಹೋದ ವರ್ಷದ್ದೆಷ್ಟು, ದೇವರಿಗೇ ಗೊತ್ತು. ವಾರಕ್ಕೊಮ್ಮೆ ದುಡ್ಡು ಬರ್ತಿತ್ತಲ್ಲ, ನಾನೂ ನಿಶ್ಚಿಂತೆಯಿಂದಿದ್ದೆ. ಅವರು ತೀರಿಸ್ತಿದ್ದದ್ದು ಹೊಸ ಬಿಲ್ಲು. ಹಳೇದು ತಳದಲ್ಲಿ ಹಾಗೇ ಕೂತಿತ್ತು.

ಬ್ಯಾಂಕಿಗೆ ಹೊಸ ಮ್ಯಾನೇಜರ್ ಬಂದರು. ಸ್ಟಾಕ್ ಸ್ಟೇಟ್‌ಮೆಂಟ್ ಜೊತೆ ಯಾರ ಬಾಕಿ ಎಷ್ಟು ದಿನದ್ದು ಅಂತ ಪಟ್ಟಿ ಕೇಳಿದರು. ನಮ್ಮ ಸಿಸಿಯಲ್ಲಿ 90 ದಿನ ದಾಟಿದ ಉದ್ರಿಗೆ ಬೆಲೆಯೇ ಇಲ್ಲ, ಅದನ್ನು ಕಳೆದೇ ಡ್ರಾಯಿಂಗ್ ಪವರ್, ಅಂದರೆ ಸಿಸಿಯಿಂದ ಎಷ್ಟು ದುಡ್ಡು ತೆಗೀಬಹುದು ಅನ್ನೋದನ್ನು, ಲೆಕ್ಕ ಹಾಕ್ತಾರೆ. ನನ್ನ ಹತ್ತಿರ ಪಟ್ಟಿ ಎಲ್ಲಿತ್ತು? ನಾಲ್ಕು ರಾತ್ರಿ ಕೂತು ಬಿಲ್ಲುಗಳನ್ನು ಹೊಂದಿಸಿದಾಗ ಆ ಒಬ್ಬರದೇ 2,36,000 ರೂಪಾಯಿ ಸಿಕ್ಕಿತು, ಹದಿನಾಲ್ಕು ತಿಂಗಳ ಹಿಂದಿನದು. ಕೇಳಿದರೆ, "ಅದೆಲ್ಲ ಆವಾಗ್ಲೇ ಕ್ಲಿಯರ್ ಆಗಿದೆಯಲ್ಲಣ್ಣ" ಅಂದರು. ಮಾಲು ಕಳಿಸಿದ ಚಲನ್ ಮೇಲೆ ಅವರ ಸಹಿ ಇರಲಿಲ್ಲ. ಮುಗೀತು.

ಅದರಲ್ಲಿ 36,000 ಜಿಎಸ್‌ಟಿ. ಮಾಲು ಹೋದ ಮರು ತಿಂಗಳೇ ನಾನು ಕೈಯಿಂದ ಕಟ್ಟಿದ್ದೆ. ಗಿರಾಕಿ ದುಡ್ಡು ಕೊಡಲಿಲ್ಲ ಅಂತ ಕಟ್ಟಿದ ತೆರಿಗೆ ವಾಪಸ್ ಬರಲ್ಲ. ನಮಗೆ ಪೈಪಿನಲ್ಲಿ ಉಳಿಯೋದು ನೂರಕ್ಕೆ ಆರು ರೂಪಾಯಿ. ಹೋದದ್ದು ತುಂಬಿಕೊಳ್ಳೋಕೆ 39 ಲಕ್ಷದ ವ್ಯಾಪಾರ ಬಿಟ್ಟಿ ಮಾಡಬೇಕು. ಅಷ್ಟರಲ್ಲಿ ಬ್ಯಾಂಕು ಡ್ರಾಯಿಂಗ್ ಪವರ್ ಇಳಿಸಿತು, ಪೈಪಿನ ಡಿಸ್ಟ್ರಿಬ್ಯೂಟರಿಗೆ ಕೊಟ್ಟ ಚೆಕ್ ಬೌನ್ಸ್ ಆಯ್ತು. ಅಂಗಡಿಗೆ ಬಂದರೆ ಟೀ ಕುಡಿಯದೆ ಹೋಗದಿದ್ದ ಅವರ ಸೇಲ್ಸ್‌ಮನ್ ಅವತ್ತು ಹೆಲ್ಮೆಟ್ ಕೂಡ ತೆಗೆಯಲಿಲ್ಲ.

ಹಾಗಾಗಿ ಯಾವ ಸಾಫ್ಟ್‌ವೇರ್ ಅನ್ನೋ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಈಗ ಇರೋದೇ ಸಾಕು, ಅದರಲ್ಲಿ ನೀವು ಮುಚ್ಚಿಟ್ಟಿರೋದನ್ನು ತೆರೀರಿ. ಸಿಸಿ ಲಿಮಿಟ್ ಅಂತೂ ಈಗ ಏರಿಸಲೇಬೇಡಿ. ಕಂಟ್ರಾಕ್ಟರ್ ಕಟ್ಟುವ ಮನೆಗೆ ನೀವು ಬಡ್ಡಿ ಕಟ್ಟಿದ ಹಾಗಾಗುತ್ತೆ. 45 ದಿನದಲ್ಲಿ ದುಡ್ಡು ಕೊಡಲೇಬೇಕು ಅನ್ನೋ ಎಂಎಸ್‌ಎಂಇ (ಸಣ್ಣ ಉದ್ಯಮಗಳ) ಕಾನೂನು ಇದೆ ಅಂತ ಯಾರಾದರೂ ಹೇಳಬಹುದು. 2021ರಿಂದ ನಮ್ಮಂಥ ವ್ಯಾಪಾರಿಗಳಿಗೂ ಆ ಕಾನೂನಿನ 'ಉದ್ಯಮ್' ನೋಂದಣಿ ಕೊಡ್ತಾರೆ ನಿಜ, ಆದರೆ ಅದು ಬ್ಯಾಂಕಿನ ಆದ್ಯತಾ ಸಾಲಕ್ಕೆ ಮಾತ್ರ. ಆ 45 ದಿನದ ರಕ್ಷಣೆ ನಮಗಿಲ್ಲ.

ಆಮೇಲೊಂದು ದಿನ ಅಟ್ಟದಿಂದ ಕೆಂಪು ಪುಸ್ತಕ ಇಳಿಸಿ ನೋಡಿದೆ. ಮೇಸ್ತ್ರಿಗೊಂದು ಪುಟ, ಬಿಲ್ಲಿಗೊಂದು ಸಾಲು, ದುಡ್ಡು ಬಂದ ಸಾಲಿಗೆ ಅಡ್ಡಗೀಟು. ಗೀಟು ಬೀಳದ್ದು ಯಾವುದು ಅಂತ ಅಪ್ಪನಿಗೆ ಕನ್ನಡಕ ಇಲ್ಲದೆಯೂ ಕಾಣ್ತಿತ್ತು. ನಾನು ದುಡ್ಡು ಕೊಟ್ಟು ತಂದ ಯಂತ್ರದಲ್ಲಿ ಅದನ್ನೇ ಆಫ್ ಮಾಡಿಟ್ಟಿದ್ದೆ.

ಈಗ ಶನಿವಾರ ಮಧ್ಯಾಹ್ನ ಉದ್ರಿ ಪಟ್ಟಿ ತೆಗೀತೀನಿ, ಎಷ್ಟು ದಿನದ್ದು ಅನ್ನೋ ಲೆಕ್ಕದಲ್ಲಿ. 60 ದಿನ ದಾಟಿದವರಿಗೆ ಮಾಲಿಲ್ಲ, ಸೋದರಮಾವನ ಮಗನಾದರೂ ಸರಿ. (ಅವನು ಆರು ತಿಂಗಳು ಮಾತು ಬಿಟ್ಟಿದ್ದ.) ಜಿಎಸ್‌ಟಿ ದುಡ್ಡಿಗೆ ಬೇರೆ ಖಾತೆ. ಮನೆ ಖರ್ಚಿಗೆ ಒಂದನೇ ತಾರೀಕು ಇಷ್ಟು ಅಂತ ತಗೊಳ್ತೀನಿ, ಗಲ್ಲಾಕ್ಕೆ ಕೈ ಹಾಕಲ್ಲ.

ನಿಮ್ಮಲ್ಲೂ ಬಿಲ್-ಬೈ-ಬಿಲ್ 'ನೋ' ಇದ್ದರೆ, 'ಯೆಸ್' ಮಾಡಿದ ತಕ್ಷಣ ಎಲ್ಲ ಸರಿಹೋಗಲ್ಲ. ಹಳೇ ಬಾಕಿಯನ್ನು ಬಿಲ್ ಬಿಲ್ಲಿಗೆ ಒಡೆದು ಹಾಕಬೇಕು, ಪ್ರತಿ ಗಿರಾಕಿಯನ್ನು ಕೂರಿಸಿಕೊಂಡು ಒಪ್ಪಿಸಿ ಸಹಿ ಹಾಕಿಸಬೇಕು. ದೊಡ್ಡ ಬಾಕಿಯ ಹತ್ತು ಜನರಿಂದ ಶುರು ಮಾಡಿ. ನಮಗೆ ಅಷ್ಟಕ್ಕೇ ಮೂರು ಭಾನುವಾರ ಹಿಡೀತು.