ಹ್ಯಾಮ್ ರೇಡಿಯೋ ತಂಡಗಳನ್ನು ತುರ್ತು ಕೆಲಸಕ್ಕೆ ಹೇಗೆ ವಿಂಗಡಿಸಬೇಕು?

ತಾಲ್ಲೂಕಿನಲ್ಲಿ ಪರವಾನಗಿ ಪಡೆದ ಹನ್ನೊಂದು ಮಂದಿ ಹ್ಯಾಮ್‌ಗಳಿದ್ದೀರಿ (ಹವ್ಯಾಸಕ್ಕಾಗಿ ರೇಡಿಯೋ ನಡೆಸುವವರು), ಮಳೆಗಾಲಕ್ಕೆ ಮುಂಚೆ ತಹಶೀಲ್ದಾರರಿಗೆ ತಂಡಗಳ ಪಟ್ಟಿ ಕೊಡಬೇಕು. ಜನರಲ್ ಗ್ರೇಡ್‌ನವರನ್ನು ‘ಎ’ ತಂಡ, ರಿಸ್ಟ್ರಿಕ್ಟೆಡ್ ಗ್ರೇಡ್‌ನವರನ್ನು ‘ಬಿ’ ತಂಡ ಎಂದು ಮಾಡಿದರೆ ಸರಿಯೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ.

ಗ್ರೇಡ್ ಎಂಬುದು ಒಬ್ಬರು ಪಾಸಾದ ಪರೀಕ್ಷೆಗೆ ಸಂಬಂಧಿಸಿದ್ದು. ಅದು ಹಾಕುವ ಮಿತಿಯನ್ನು ಯಾರೂ ಮೀರುವಂತಿಲ್ಲ, ನಿಜ. ಆದರೆ ತಹಶೀಲ್ದಾರರಿಗೆ ಗೊತ್ತಾಗಬೇಕಾದದ್ದೇ ಬೇರೆ. ಸೇತುವೆ ಕೊಚ್ಚಿಹೋದ ಊರಿಗೆ ಈ ತಂಡವನ್ನು ಕಳಿಸಿದರೆ ಅಲ್ಲಿಂದ ಜಿಲ್ಲಾ ಕೇಂದ್ರಕ್ಕೆ ಮಾತು ಮುಟ್ಟುತ್ತದೆಯೇ? ಕರೆಂಟಿಲ್ಲದೆ ಎಷ್ಟು ಗಂಟೆ? ಕೊಟ್ಟ ಸಂದೇಶ ಕೊಟ್ಟ ಹಾಗೆಯೇ ತಲುಪುತ್ತದೆಯೇ?

ಅಮೆರಿಕದ ವಿಪತ್ತು ನಿರ್ವಹಣೆಯಲ್ಲಿ ತಂಡ, ವಾಹನ, ಸಲಕರಣೆ ಎಲ್ಲವನ್ನೂ ಸಾಮರ್ಥ್ಯದ ಮೇಲೆ ‘ಟೈಪ್’ಗಳಾಗಿ ವಿಂಗಡಿಸುವ ಪದ್ಧತಿ ಇದೆ. ಟೈಪ್ 1 ಎಂದರೆ ಎಲ್ಲಕ್ಕಿಂತ ಸಮರ್ಥ. ಅಂಕಿ ಏರಿದಂತೆ ಸಾಮರ್ಥ್ಯ ಇಳಿಯುತ್ತದೆ. ದೂರದ ರಾಜ್ಯದವರು ಇಂಥ ಟೈಪ್ ಬೇಕು ಎಂದು ಕೇಳಿದರೆ ಏನು ಬರುತ್ತದೆ ಎಂಬುದು ಇಬ್ಬರಿಗೂ ಮೊದಲೇ ತಿಳಿದಿರುತ್ತದೆ. ನಾವು ಕಲಿಯಬೇಕಾದದ್ದು ಇಷ್ಟನ್ನೇ. ಅವರ ಕೋಷ್ಟಕಗಳನ್ನು ಇದ್ದಂತೆಯೇ ತಂದರೆ ನಮ್ಮ ತಾಲ್ಲೂಕುಗಳಿಗೆ ಹೊಂದುವುದಿಲ್ಲ.

ನಾನು ಮಾಡುವುದು ಮೂರು ವರ್ಗ. ಕೈಯಲ್ಲಿ ಹಿಡಿಯುವ ಎರಡು ಮೀಟರ್ ಸೆಟ್ (ಎರಡು ಮೀಟರ್ ತರಂಗಾಂತರದ, ಹತ್ತಿರದ ಮಾತಿನ ರೇಡಿಯೋ) ಮಾತ್ರ ಇರುವ ಇಬ್ಬರು ಸೇರಿದರೆ ಮೂರನೆಯ ವರ್ಗ. ಕಾಳಜಿ ಕೇಂದ್ರದಿಂದ ತಾಲ್ಲೂಕು ಕಚೇರಿಗೆ ಇಷ್ಟು ಸಾಕು. ಆದರೆ ಮಾತನ್ನು ಹಿಡಿದು ದೂರಕ್ಕೆ ಮರುಪ್ರಸಾರ ಮಾಡುವ ರಿಪೀಟರ್ ನಂಬಿ ಲೆಕ್ಕ ಹಾಕಬೇಡಿ, ಊರಿನ ಕರೆಂಟಿನ ಜೊತೆಗೆ ಅದೂ ಹೋಗಬಹುದು. ಸೆಟ್‌ನಿಂದ ಸೆಟ್‌ಗೆ ನೇರವಾಗಿ ಮಾತಾಡಿ ನೋಡಿ, ಮುಟ್ಟಿದ ದೂರವನ್ನೇ ಪಟ್ಟಿಯಲ್ಲಿ ಬರೆಯಿರಿ.

ಎರಡನೆಯ ವರ್ಗ ಎಚ್‌ಎಫ್ (ಶಾರ್ಟ್‌ವೇವ್‌ನಲ್ಲಿ ದೂರಕ್ಕೆ ಮಾತಾಡುವ) ತಂಡ, ಮಲೆನಾಡಿಗೆ ನಿಜವಾಗಿ ಬೇಕಾದದ್ದು. ಘಟ್ಟದ ಹಳ್ಳಿಯೊಂದರ ಅಣಕು ಕಾರ್ಯಾಚರಣೆಯಲ್ಲಿ ನಮ್ಮ ಎರಡು ಮೀಟರ್ ಸೆಟ್‌ಗಳಿಗೆ ಪಕ್ಕದ ಕಣಿವೆಯೂ ಸಿಗಲಿಲ್ಲ. ಸುಮಾರು 20 ಮೀಟರ್ ಉದ್ದದ ಡೈಪೋಲ್ ತಂತಿಯನ್ನು (ಆಂಟೆನಾ) ಒಂದು ಅಡಿಕೆ ಮರದಿಂದ ಶಾಲೆಯ ಸೂರಿಗೆ, ನೆಲದಿಂದ ಐದಾರು ಮೀಟರ್ ಎತ್ತರದಲ್ಲಿ ಕಟ್ಟಿದೆವು. 7 ಮೆಗಾಹರ್ಟ್ಸ್‌ನಲ್ಲಿ ಕರೆದ ಕೂಡಲೇ ಬೆಂಗಳೂರು ಉತ್ತರಿಸಿತು. ತಗ್ಗಿನಲ್ಲಿ ಕಟ್ಟಿದ ತಂತಿಯ ಅಲೆ ನೆತ್ತಿಯ ಕಡೆಗೆ ಏರಿ, ವಾತಾವರಣದ ಮೇಲಿನ ಅಯಾನುಗೋಳ ಎಂಬ ಪದರಕ್ಕೆ ತಾಗಿ, ಸುತ್ತಲಿನ ಮುನ್ನೂರು ನಾನೂರು ಕಿಲೋಮೀಟರಿಗೆ ಮಳೆಯಂತೆ ಇಳಿಯುತ್ತದೆ. ಬೆಟ್ಟ ಅಡ್ಡ ಬರುವುದೇ ಇಲ್ಲ. ಆದರೆ ಕತ್ತಲಾಗುತ್ತಿದ್ದಂತೆ ಬೆಂಗಳೂರು ಮಾಯವಾಯಿತು. ರಾತ್ರಿ 3.5 ಮೆಗಾಹರ್ಟ್ಸ್‌ಗೆ ಇಳಿಯಬೇಕು, ಅದಕ್ಕೆ ಇದರ ಎರಡರಷ್ಟು ಉದ್ದದ ತಂತಿ ಬೇಕು. ನಾವು ಒಯ್ದಿರಲಿಲ್ಲ. ಅಂದಿನಿಂದ ಎರಡರಲ್ಲಿ ಒಂದು ತಂತಿ ಇಲ್ಲದಿದ್ದರೂ ಆ ತಂಡವನ್ನು ನಾನು ಎರಡನೆಯ ವರ್ಗಕ್ಕೆ ಸೇರಿಸುವುದಿಲ್ಲ.

ಮೊದಲನೆಯ ವರ್ಗವೆಂದರೆ ಸರದಿಯಲ್ಲಿ ಕೂರಲು ಕನಿಷ್ಠ ನಾಲ್ವರು, ಹೊರಗಿನ ಕರೆಂಟಿಲ್ಲದೆ ಒಂದು ಇಡೀ ದಿನ. 100 ವಾಟ್‌ನ ಸೆಟ್ ಸುಮ್ಮನೆ ಕೇಳುವಾಗ ಸುಮಾರು ಒಂದು ಆಂಪಿಯರ್ ಎಳೆದರೆ, ಪೂರ್ಣ ಶಕ್ತಿಯಲ್ಲಿ ಮಾತಾಡುವಾಗ ಇಪ್ಪತ್ತರ ಹತ್ತಿರ ಎಳೆಯುತ್ತದೆ. 100 ಆಂಪಿಯರ್-ಅವರ್‌ನ ಇನ್ವರ್ಟರ್ ಬ್ಯಾಟರಿಯಲ್ಲಿ ಅರ್ಧವನ್ನಷ್ಟೇ ಬಳಸಬಹುದೆಂದುಕೊಂಡರೂ, ಮಾತು ಮಿತವಾಗಿದ್ದರೆ ದಿನ ಕಳೆಯುತ್ತದೆ.

ಇನ್ನು ಸಂದೇಶ ಮುಟ್ಟಿಸುವ ಶಿಸ್ತು. ಇದು ಮೂರೂ ವರ್ಗಕ್ಕೆ ಕಡ್ಡಾಯ. ಅದೇ ಕಾರ್ಯಾಚರಣೆಯಲ್ಲಿ ನಾನು ‘ಎಪ್ಪತ್ತು ಹೊದಿಕೆ’ ಎಂದೆ. ಗದ್ದಲದಲ್ಲಿ ಆ ಕಡೆಯವರು ‘ಇಪ್ಪತ್ತು’ ಎಂದು ಬರೆದುಕೊಂಡರು. ನನ್ನ ಪಕ್ಕದಲ್ಲಿ ಲಾಗ್ ಬರೆಯುತ್ತಿದ್ದ ಕಾಲೇಜು ಹುಡುಗಿ, ‘ಸರ್, ವಾಪಸ್ ಓದಿಸಿ’ ಎಂದಳು. ಓದಿಸಿದಾಗ ತಪ್ಪು ಹೊರಬಿತ್ತು. ‘ಏಳು, ಸೊನ್ನೆ’ ಎಂದು ಅಂಕಿ ಬಿಡಿಸಿ ಹೇಳಿದ ಮೇಲೆ ಸರಿಹೋಯಿತು. ಅವಳು ರಿಸ್ಟ್ರಿಕ್ಟೆಡ್ ಗ್ರೇಡ್, ಪರವಾನಗಿ ಬಂದು ನಾಲ್ಕು ತಿಂಗಳಾಗಿತ್ತು. ನಿಮ್ಮ ಲೆಕ್ಕದಲ್ಲಿ ಅವಳು ‘ಬಿ’ ತಂಡಕ್ಕೆ ಹೋಗುತ್ತಿದ್ದಳು!

2004ರ ಡಿಸೆಂಬರಿನಲ್ಲಿ ಹ್ಯಾಮ್ ಭಾರತಿ ಪ್ರಸಾದ್ ಅವರ ತಂಡ ಅಂಡಮಾನಿನ ಪೋರ್ಟ್ ಬ್ಲೇರ್‌ನಲ್ಲಿದ್ದದ್ದು ವಿಪತ್ತಿಗಾಗಿ ಅಲ್ಲ, ವಿಯು4ಆರ್‌ಬಿಐ ಎಂಬ ಕಾಲ್‌ಸೈನ್‌ನಲ್ಲಿ (ರೇಡಿಯೋ ಕೇಂದ್ರದ ಗುರುತು) ಜಗತ್ತಿನ ಹ್ಯಾಮ್‌ಗಳೊಡನೆ ಮಾತಾಡಲು. 26ರಂದು ಸುನಾಮಿ ಬಂದಾಗ ಅವರ ಆಂಟೆನಾ ಆಗಲೇ ಮೇಲಿತ್ತು. ವಾರಗಟ್ಟಲೆ ಗದ್ದಲದ ನಡುವೆ ಕರೆಗಳನ್ನು ಹೆಕ್ಕಿ ಹೆಕ್ಕಿ ಕಿವಿ ಪಳಗಿತ್ತು. ದ್ವೀಪದ ಸುದ್ದಿ ಹೊರಗೆ ಮುಟ್ಟಿದ್ದರಲ್ಲಿ ಆ ಸಿದ್ಧತೆಯ ಪಾಲು ದೊಡ್ಡದು. ಬೀರುವಿನಲ್ಲಿಟ್ಟ ದುಬಾರಿ ಸೆಟ್‌ಗೆ ನಾನು ಯಾವ ವರ್ಗವನ್ನೂ ಕೊಡದಿರುವುದು ಇದಕ್ಕೇ.

ಪಟ್ಟಿಗೆ ದಿನಾಂಕ ಹಾಕಿ. ಜಿಲ್ಲಾಡಳಿತದಿಂದ ಕೋರಿಕೆಯನ್ನು ಲಿಖಿತವಾಗಿ ಪಡೆದು ಜೊತೆಗಿಡಿ. ಪ್ರತಿ ಮೇ ತಿಂಗಳಲ್ಲಿ ಒಂದು ಭಾನುವಾರ ಮನೆಯ ಮೇನ್ ಸ್ವಿಚ್ ಆರಿಸಿ ಎಲ್ಲ ತಂಡಗಳನ್ನೂ ಪರೀಕ್ಷಿಸಿ. ಅಂದು ಹೇಳಿದಷ್ಟು ಗಂಟೆ ನಿಲ್ಲದ ತಂಡವನ್ನು ಅಂದೇ ಒಂದು ವರ್ಗ ಕೆಳಗಿಳಿಸಿ, ತಿದ್ದಿದ ಪಟ್ಟಿಯನ್ನು ಸೋಮವಾರ ತಾಲ್ಲೂಕು ಕಚೇರಿಗೆ ಕೊಡಿ.