ಕಾಲೇಜು ಕ್ರೀಡಾಪಟುಗಳಿಗೆ ಆಡಿದ್ದಕ್ಕೆ ಹಣ ಕೊಡಬೇಕೇ?

ಅಮೆರಿಕದಲ್ಲಿ ಕಾಲೇಜು ಆಟಗಾರರಿಗೆ ಈಗ ಹಣ ಸಿಗುತ್ತಿದೆಯಲ್ಲ, ನಮ್ಮಲ್ಲೂ ಕೊಡಬೇಡವೇ ಎಂದು ಕೇಳಿದ್ದೀರಿ. ಉಡುಪಿಯ ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣ ನಿರ್ದೇಶಕನಾಗಿದ್ದು ನಿವೃತ್ತನಾದವನು ನಾನು. ಕೊಡಬೇಕು ಎಂಬುದೇ ನನ್ನ ಅಭಿಪ್ರಾಯ. ಆದರೆ ಅದು ತಿಂಗಳ ಸಂಬಳದ ರೂಪದಲ್ಲಿರಬೇಕಾಗಿಲ್ಲ.

ಅಲ್ಲಿಯ ಫುಟ್‌ಬಾಲ್, ಬಾಸ್ಕೆಟ್‌ಬಾಲ್ ಪಂದ್ಯಗಳ ಟಿವಿ ಪ್ರಸಾರದಿಂದ ವಿಶ್ವವಿದ್ಯಾಲಯಗಳಿಗೆ ಕೋಟಿಗಟ್ಟಲೆ ಡಾಲರ್ ಬರುತ್ತಿದ್ದರೂ, ವಿದ್ಯಾರ್ಥಿವೇತನ ಮತ್ತು ಓದಿನ ಖರ್ಚನ್ನು ಬಿಟ್ಟು ಆಟಗಾರರಿಗೆ ಏನೂ ಸಲ್ಲದಂತೆ ಅಲ್ಲಿಯ ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಎನ್‌ಸಿಎಎ ಎಂಬ ಸಂಸ್ಥೆ ದಶಕಗಳ ಕಾಲ ತಡೆದಿತ್ತು. 2021ರ ಜುಲೈಯಿಂದ ಆಟಗಾರರು ತಮ್ಮ ಹೆಸರು ಮತ್ತು ಚಿತ್ರವನ್ನು ಜಾಹೀರಾತಿಗೆ ಕೊಟ್ಟು ಸಂಪಾದಿಸಬಹುದು ಎಂದಾಯಿತು. ಆಟಗಾರರು ಹೂಡಿದ್ದ ಮೊಕದ್ದಮೆಯಲ್ಲಿ 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯ ಪ್ರಕಾರ, ಅದಕ್ಕೆ ಸೇರಿದ ಪ್ರತಿ ವಿಶ್ವವಿದ್ಯಾಲಯವೂ ಮೊದಲ ವರ್ಷದಲ್ಲಿ ಸುಮಾರು 2.05 ಕೋಟಿ ಡಾಲರ್‌ವರೆಗೆ ನೇರವಾಗಿ ಆಟಗಾರರಿಗೆ ಹಂಚಲು ಅವಕಾಶವಾಯಿತು.

ನಮ್ಮ ಅಂತರ ಕಾಲೇಜು ಪಂದ್ಯಾಟಗಳಿಗೆ ಟಿಕೆಟೂ ಇಲ್ಲ, ಪ್ರಸಾರದ ಹಕ್ಕಿಗೆ ಗಿರಾಕಿಯೂ ಇಲ್ಲ. ಹಾಗೆಂದು ಕಾಲೇಜಿಗೆ ಆಟದಿಂದ ಲಾಭವೇ ಇಲ್ಲ ಎಂದರೆ ನಾನು ಒಪ್ಪಲಾರೆ. ಪ್ರವೇಶಾತಿಯ ಸಮಯದಲ್ಲಿ ಮಂಗಳೂರು–ಉಡುಪಿ ಹೆದ್ದಾರಿಯ ಬದಿಯಲ್ಲಿ ಫ್ಲೆಕ್ಸ್‌ಗಳನ್ನು ನೋಡಿ: ರ‍್ಯಾಂಕ್ ಬಂದವರ ಪಕ್ಕದಲ್ಲೇ ಪದಕ ತೊಟ್ಟ ಹುಡುಗಿಯ ಫೋಟೊ ಇರುತ್ತದೆ. ಅದನ್ನು ಕಂಡು ಸೇರುವವರು ಕಾಲೇಜಿಗೆ ಶುಲ್ಕ ಕಟ್ಟುತ್ತಾರೆ. ಆ ಫೋಟೊಕ್ಕಾಗಿ ಅವಳಿಗೆ ಬಿಡಿಗಾಸೂ ಸಿಗುವುದಿಲ್ಲ.

ಹಣಕ್ಕಾಗಿ ಆಡಿದರೆ ವಿದ್ಯಾರ್ಥಿಗಳು ಕೆಡುತ್ತಾರೆ ಎನ್ನುವವರು ನಮ್ಮ ಊರುಗಳ ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟಕ್ಕೆ ಒಮ್ಮೆ ಬರಲಿ. ಶನಿವಾರ ರಾತ್ರಿ ಯಾವುದೋ ಯುವಕ ಮಂಡಲದ ಪರವಾಗಿ ರೈಡ್ ಮಾಡಿ, ಬೆಳಗಿನ ಜಾವ ನಗದು ಎಣಿಸಿಕೊಂಡು ಹೋದ ಹುಡುಗ ಸೋಮವಾರ ಮೊಣಕಾಲಿಗೆ ಕ್ರೇಪ್ ಬ್ಯಾಂಡೇಜ್ ಸುತ್ತಿಕೊಂಡು ಕಾಲೇಜು ತಂಡದ ಅಭ್ಯಾಸಕ್ಕೆ ಬರುತ್ತಿದ್ದ. ನಾನು ಬೈಯುತ್ತಿದ್ದೆ, ಅವನು ಸುಮ್ಮನೆ ನಗುತ್ತಿದ್ದ. ದುಡ್ಡು ಕೊಡುವ ಆಟ ಯಾವುದು, ಟ್ರೋಫಿ ಮಾತ್ರ ಕೊಡುವ ಆಟ ಯಾವುದು ಎಂಬುದು ಅವನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಮೂಡುಬಿದಿರೆಯ ಆಳ್ವಾಸ್‌ನಂತಹ ಸಂಸ್ಥೆಗಳು ಕ್ರೀಡಾ ದತ್ತು ಯೋಜನೆಯಲ್ಲಿ ಶಿಕ್ಷಣ, ಊಟ, ವಸತಿಯನ್ನು ಉಚಿತವಾಗಿ ಕೊಡುತ್ತವೆ. ಬಡ ಮನೆಯ ಮಕ್ಕಳಿಗೆ ಇದು ನಗದಿಗಿಂತ ದೊಡ್ಡದು. ಕೇಂದ್ರ ಸರ್ಕಾರದ ಖೇಲೋ ಇಂಡಿಯಾ ಕ್ರೀಡಾ ಯೋಜನೆಗೆ ಆಯ್ಕೆಯಾದವರಿಗೆ ತಿಂಗಳಿಗೆ 10,000 ರೂಪಾಯಿ ಕೈಖರ್ಚಿನ ಭತ್ಯೆಯೂ ಇದೆ, ಆದರೆ ಆ ಮಟ್ಟಕ್ಕೆ ಏರುವವರು ಕೆಲವರೇ. ಉಳಿದವರಿಗೆ ಕನಿಷ್ಠ ಪ್ರಯಾಣಭತ್ಯೆ, ಪೌಷ್ಟಿಕ ಆಹಾರ, ಗಾಯದ ವಿಮೆ, ಜಾಹೀರಾತಿನಲ್ಲಿ ಫೋಟೊ ಬಳಸಿದರೆ ಗೌರವಧನ ಇಷ್ಟಾದರೂ ಹಕ್ಕಾಗಿ ಸಿಗಬೇಕು.

ನಿಮ್ಮ ಮನೆಯಲ್ಲೇ ಆಟಗಾರರಿದ್ದು, ಕಾಲೇಜೊಂದು ಕ್ರೀಡಾ ಕೋಟಾದ ಸೀಟು ಕೊಡುತ್ತೇನೆಂದು ಕರೆದರೆ, ಮೊಣಕಾಲಿನ ಲಿಗಮೆಂಟ್ ಹರಿದು ಒಂದು ವರ್ಷ ಆಡಲಾಗದಿದ್ದರೂ ಶುಲ್ಕ ವಿನಾಯಿತಿ ಮುಂದುವರಿಯುತ್ತದೆಯೇ, ಶಸ್ತ್ರಚಿಕಿತ್ಸೆಯ ಖರ್ಚು ಯಾರದು ಎಂಬ ಎರಡು ಪ್ರಶ್ನೆಗಳಿಗೆ ಲಿಖಿತ ಉತ್ತರ ಕೇಳಿ ಪಡೆಯಿರಿ.